ಅಜ್ಜಿ, ಮೊಮ್ಮಗಳು ಮತ್ತು ಊರೂರು ಅಲೆದ ಚಿತ್ರಕಾರ

ಮನೆಯ ಗೋಡೆಯ ಮೇಲೆ ಅಜ್ಜಿಯ ಫೋಟೊ ಇರುವುದು ಇಂದು ವಿಶೇಷವೇನಲ್ಲ. ಆದರೆ ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಸಾಮಾನ್ಯ ಮನೆತನದ ಮುದುಕಿಯೊಬ್ಬಳ ಮುಖ ಮರಿಮಕ್ಕಳ ಕಾಲಕ್ಕೂ ಉಳಿಯುವುದೆಂದರೆ ಸುಲಭದ ಮಾತಾಗಿರಲಿಲ್ಲ. ತೈಲವರ್ಣದ ಭಾವಚಿತ್ರ ಬಹುಮಟ್ಟಿಗೆ ಉಳ್ಳವರ ಸೊತ್ತಾಗಿತ್ತು. ಅಮೆರಿಕದ ಹಳ್ಳಿಗಾಡಿನಲ್ಲಿ ಅದನ್ನು ಸಾಮಾನ್ಯರ ಮನೆಗೂ ತಂದವರು ಕುಂಚ, ಬಣ್ಣ ಹೊತ್ತು ಊರೂರು ಅಲೆಯುತ್ತಿದ್ದ ಜನಪದ ಚಿತ್ರಕಾರರು.

‘ಅನ್ನಾ ಗೂಲ್ಡ್ ಕ್ರೇನ್ ಮತ್ತು ಮೊಮ್ಮಗಳು ಜೆನೆಟ್’ ಅಂಥದೊಂದು ಚಿತ್ರ. ಶಿಕಾಗೊದ ಪಶ್ಚಿಮಕ್ಕಿರುವ ಅರೋರಾದಲ್ಲಿ 1845ರ ಸುಮಾರಿಗೆ ಅದನ್ನು ಬರೆದವನು ಶೆಲ್ಡನ್ ಪೆಕ್. 1797ರಲ್ಲಿ ವರ್ಮಾಂಟ್ ರಾಜ್ಯದ ಕಾರ್ನ್‌ವಾಲ್‌ನಲ್ಲಿ ಹುಟ್ಟಿದ ಪೆಕ್, ನ್ಯೂಯಾರ್ಕ್ ರಾಜ್ಯದಲ್ಲಿ ಕೆಲಕಾಲ ಇದ್ದು, 1830ರ ದಶಕದಲ್ಲಿ ಇಲಿನಾಯ್‌ನ ಹುಲ್ಲುಗಾವಲು ಸೀಮೆಗೆ ಬಂದ. ಇಂದಿನ ಲೊಂಬಾರ್ಡ್ ಪಟ್ಟಣದಲ್ಲಿ ನೆಲೆಸಿ, ಬೇಸಾಯದ ಜೊತೆಗೇ ಚಿತ್ರ ಬರೆದ.

ಅಷ್ಟರಲ್ಲಿ ಅವನ ಕಸುಬಿಗೆ ಸಂಚಕಾರ ಬಂದಿತ್ತು. 1839ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಡಗೆರೊಟೈಪ್ ಎಂಬ ಛಾಯಾಗ್ರಹಣ ವಿಧಾನ ಕೆಲವೇ ವರ್ಷಗಳಲ್ಲಿ ಅಮೆರಿಕದ ಊರುಗಳನ್ನು ತಲುಪಿತು. ಯಂತ್ರ ತೆಗೆದ ಚಿತ್ರಕ್ಕೆ ಸಾಟಿಯಾಗುವುದು ಕುಂಚಕ್ಕೆ ಸಾಧ್ಯವೆ? ಆದರೆ ಆ ಚಿತ್ರ ಸಾಮಾನ್ಯವಾಗಿ ಅಂಗೈ ಅಗಲದ್ದು, ಅದರಲ್ಲಿ ಸಹಜ ಬಣ್ಣವಿರಲಿಲ್ಲ. ಅಲುಗಾಡದೆ ಕೂರಬೇಕಾಗಿದ್ದರಿಂದ ಮಕ್ಕಳ ಚಿತ್ರ ತೆಗೆಯುವುದು ಕಷ್ಟವೂ ಆಗಿತ್ತು.

ಯಂತ್ರಕ್ಕಾಗದ್ದನ್ನು ಪೆಕ್ ಕೊಟ್ಟ. ವರ್ಮಾಂಟ್‌ನಲ್ಲಿ ಮರದ ಹಲಗೆಯ ಮೇಲೆ ಮಂಕು ಬಣ್ಣದಲ್ಲಿ ಎದೆಮಟ್ಟದ ಚಿತ್ರ ಬರೆಯುತ್ತಿದ್ದವನು, ಈಗ ದೊಡ್ಡ ಕ್ಯಾನ್‌ವಾಸ್ ಹಿಡಿದ. ಬಣ್ಣ ಉಜ್ವಲವಾಯಿತು. ಮನೆಮಂದಿ ಆಪಾದಮಸ್ತಕ ಒಂದೇ ಚಿತ್ರದಲ್ಲಿ ಕಾಣಿಸಿಕೊಂಡರು. ಚೌಕಟ್ಟಿನ ಖರ್ಚೂ ಉಳಿಯಲೆಂಬಂತೆ, ಕ್ಯಾನ್‌ವಾಸಿನ ಅಂಚಿಗೆ ಮರದ ಚೌಕಟ್ಟನ್ನೇ ಬಣ್ಣದಲ್ಲಿ ಬರೆದುಬಿಟ್ಟ! ಅಂಗರಚನೆ, ನೆರಳು-ಬೆಳಕಿನ ಶಾಸ್ತ್ರ ಇವನ ಚಿತ್ರಗಳಲ್ಲಿ ದುರ್ಬಲ. ಆದರೆ ನೇರವಾಗಿ ದಿಟ್ಟಿಸುವ ಕಣ್ಣುಗಳು ಮರೆಯುವಂಥವಲ್ಲ.

ಪೆಕ್‌ನ ಬದುಕಿಗೆ ಇನ್ನೊಂದು ಮುಖವಿತ್ತು. ಗುಲಾಮಗಿರಿಯ ಕಡು ವಿರೋಧಿಯಾದ ಆತ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ತನ್ನ ಮನೆಯಲ್ಲೇ ಆಶ್ರಯ ಕೊಡುತ್ತಿದ್ದ. 1850ರ ಕಾನೂನಿನಂತೆ ಇಂಥ ನೆರವಿಗೆ ಸಾವಿರ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ. ಊರವರ ಮುಖಗಳನ್ನು ಉಳಿಸಿಕೊಟ್ಟವನ ಮನೆಗೆ, ಮುಖ ಮರೆಸಿಕೊಂಡೇ ಬದುಕಬೇಕಾದವರು ಬರುತ್ತಿದ್ದರು.

1868ರಲ್ಲಿ ಪೆಕ್ ತೀರಿಕೊಂಡ. ಚಿತ್ರಗಳಿಗೆ ಸಹಿ ಹಾಕುವ ರೂಢಿ ಇರದ ಅವನ ಹೆಸರು ಮರೆವಿಗೆ ಸಂದಿತ್ತು. ಒಂದು ಉದ್ದ ಗೀರು, ಅಕ್ಕಪಕ್ಕ ಎರಡು ಗಿಡ್ಡ ಗೀರು: ಮೊಲದ ಹೆಜ್ಜೆಯಂಥ ಈ ಅಲಂಕಾರ ಅವನ ಕೈಚಳಕದ ಗುರುತಾಯಿತು. 1975ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ವಸ್ತುಸಂಗ್ರಹಾಲಯ ಅವನ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಲೊಂಬಾರ್ಡ್‌ನ ಅವನ ಮನೆ ಇಂದು ವಸ್ತುಸಂಗ್ರಹಾಲಯ.

ಅರೋರಾದ ಅಜ್ಜಿ ಇತಿಹಾಸ ಸೇರುವಂಥ ಸಾಧನೆ ಮಾಡಿದವಳಲ್ಲ. ಮೊಮ್ಮಗಳ ಜೊತೆ ಒಂದು ಚಿತ್ರಕ್ಕೆ ಒದಗಿದಳು, ಅಷ್ಟೆ. ಅಷ್ಟರಿಂದಲೇ ಆಕೆಯ ಹೆಸರೂ ಮುಖವೂ ಉಳಿದವು.