ಸಣ್ಣ ಸಂತೆಯಲ್ಲಿ ಗೆದ್ದ ಕೋಪಿಷ್ಠ ಹಕ್ಕಿಗಳು

ಬಿ.ಕಾಂ.ನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಹೋದ ವಾರ ಫೋನ್ ಮಾಡಿದ್ದ. ಚೀಟಿ ನಡೆಸೋರಿಗೆ ಲೆಕ್ಕ ಇಡೋ ಆ್ಯಪ್ ಮಾಡಿದ್ದಾನೆ. ಚೆನ್ನಾಗೇ ಇದೆ. ಆದ್ರೆ ಡೌನ್‌ಲೋಡ್ ಮಾಡಿಕೊಂಡವರಲ್ಲಿ ಹೆಚ್ಚಿನವರು ಅವನ ನೆಂಟರು, ಬಿಟ್ಟರೆ ನಾವು ಗೆಳೆಯರು. "ಮಗಾ, ಮದುವೆಗೆ ಅಂತ ಇಟ್ಟಿರೋ ದುಡ್ಡನ್ನ ಜಾಹೀರಾತಿಗೆ ಹಾಕಿಬಿಡ್ಲಾ?" ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದಕ್ಕೇ ಇವತ್ತು ಒಂದು ಹಳೇ ಕಥೆ ಹೇಳ್ತೀನಿ.

2008ರ ಜುಲೈ 10. ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆಯಿತು. ಮೊದಲ ದಿನ ಅಲ್ಲಿದ್ದದ್ದು ಸುಮಾರು 500 ಆ್ಯಪ್. 2009ರ ನವೆಂಬರ್ ಹೊತ್ತಿಗೆ ಆ ಸಂಖ್ಯೆ ಒಂದು ಲಕ್ಷ ದಾಟಿತ್ತು. ಅಂಗಡಿ ಬೆಳೆಯಿತು, ಫೋನಿನ ಪರದೆ ಮಾತ್ರ ಅಷ್ಟೇ ಉಳಿಯಿತು. ಟಾಪ್ ಪಟ್ಟಿಯಲ್ಲಿ ಕಂಡವರಿಗೆ ಬಾಳು, ಉಳಿದವರು ಗೋದಾಮಿನ ಮೂಲೆಗೆ.

ಅದೇ ವರ್ಷ ಫಿನ್‌ಲ್ಯಾಂಡ್‌ನ ರೋವಿಯೋ ಅನ್ನೋ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. 2003ರಿಂದ 51 ಗೇಮ್ ಮಾಡಿದ್ದರು. ಕೆಲಸದವರ ಸಂಖ್ಯೆ ಸುಮಾರು 50ರಿಂದ 12ಕ್ಕೆ ಇಳಿದಿತ್ತು. 2009ರ ಡಿಸೆಂಬರ್‌ನಲ್ಲಿ 52ನೆಯದನ್ನು ಬಿಡುಗಡೆ ಮಾಡಿದರು. ಅದೇ ಆ್ಯಂಗ್ರಿ ಬರ್ಡ್ಸ್. ಅಮೆರಿಕ, ಬ್ರಿಟನ್‌ನಂಥ ದೊಡ್ಡ ಮಾರುಕಟ್ಟೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಇಲ್ಲಿ ಒಂದು ಲೆಕ್ಕ ಗಮನಿಸಿ. ಆ್ಯಪ್ ಸ್ಟೋರ್ ಒಂದೇ ಅಂಗಡಿ ಅಲ್ಲ. ಒಂದೊಂದು ದೇಶಕ್ಕೂ ಒಂದೊಂದು ಅಂಗಡಿ, ಒಂದೊಂದು ಟಾಪ್ ಪಟ್ಟಿ. ಅಮೆರಿಕದಲ್ಲಿ ಮೇಲೇರೋಕೆ ಭಾರೀ ಮಾರಾಟ ಬೇಕು. ಪುಟ್ಟ ಫಿನ್‌ಲ್ಯಾಂಡ್‌ನಲ್ಲಿ ಕೆಲವು ನೂರು ಸಾಕಾಯಿತು, ಗೇಮ್ ಮೊದಲ ಸ್ಥಾನಕ್ಕೆ ಬಂತು. ಆಮೇಲೆ ಸ್ವೀಡನ್, ಡೆನ್ಮಾರ್ಕ್, ಗ್ರೀಸ್, ಜೆಕ್ ಗಣರಾಜ್ಯ. ದೊಡ್ಡ ಸಂತೆಯಲ್ಲಿ ಕೂಗಿ ಗಂಟಲು ಒಣಗಿಸಿಕೊಳ್ಳೋ ಬದಲು ಸಣ್ಣ ಸಣ್ಣ ಸಂತೆಗಳಲ್ಲಿ ಗೆಲ್ಲುತ್ತಾ ಹೋದರು.

ಆ ಗೆಲುವುಗಳೇ ಸಾಕ್ಷಿಯಾದವು. ಚಿಲ್ಲಿಂಗೋ ಅನ್ನೋ ಬ್ರಿಟಿಷ್ ಪ್ರಕಾಶಕರ ಮೂಲಕ ಆ್ಯಪಲ್‌ಗೆ ಅದನ್ನ ತೋರಿಸಿದರು. 2010ರ ಫೆಬ್ರವರಿಯಲ್ಲಿ ಬ್ರಿಟನ್‌ನ ಆ್ಯಪ್ ಸ್ಟೋರ್ ಮುಖಪುಟದಲ್ಲಿ ಅದಕ್ಕೆ ಜಾಗ ಸಿಕ್ಕಿತು. ರೋವಿಯೋ ಬರೀ ಕಾಯುತ್ತಾ ಕೂತಿರಲಿಲ್ಲ. ಹೊಸ ಹಂತಗಳು, ಒಂದು ಉಚಿತ ಆವೃತ್ತಿ, ಯೂಟ್ಯೂಬ್‌ಗೆ ಒಂದು ಟ್ರೇಲರ್, ಎಲ್ಲಾ ತಯಾರಿತ್ತು. 600ರ ಆಸುಪಾಸಿನಲ್ಲಿದ್ದ ಗೇಮ್ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹಾರಿತು. ಕೆಲವೇ ತಿಂಗಳಲ್ಲಿ ಅಮೆರಿಕದಲ್ಲೂ ಅದೇ ಆಯಿತು. 2023ರಲ್ಲಿ ಜಪಾನಿನ ಸೆಗಾ ಈ ಕಂಪನಿಯನ್ನು ಕೊಂಡಾಗ ಅದಕ್ಕೆ ಕಟ್ಟಿದ ಬೆಲೆ ಸುಮಾರು 70 ಕೋಟಿ ಯೂರೋ.

ಇದನ್ನ ಹಾಗೇ ನಕಲು ಮಾಡಿ ಅಂತ ನಾನು ಹೇಳಲ್ಲ. 2016ರಿಂದ ಆ್ಯಪಲ್ ಹುಡುಕಾಟದ ಫಲಿತಾಂಶದ ತುದಿಯಲ್ಲಿ ಜಾಹೀರಾತಿಗೆ ಜಾಗ ಮಾರುತ್ತಿದೆ, ದುಡ್ಡಿದ್ದವನು ಮುಂದೆ ನಿಲ್ಲಬಹುದು. ಇನ್ನೊಂದು ವಿಷಯ, ಇದೇ ದಾರಿಯಲ್ಲಿ ನಡೆದು ಸೋತವರ ಕಥೆಯನ್ನ ಯಾರೂ ಬರೆದಿಡಲ್ಲ. ಗೇಮ್ ಚೆನ್ನಾಗಿಲ್ಲದಿದ್ದರೆ ಗ್ರೀಸ್‌ನಲ್ಲೂ ಓಡುತ್ತಿರಲಿಲ್ಲ.

ಆದ್ರೂ ಒಂದು ಮಾತು ಹಳತಾಗಿಲ್ಲ. ಎಲ್ಲರಿಗೂ ಕಾಣಬೇಕು ಅಂತ ಹೊರಟವನ ದುಡ್ಡು ಬೇಗ ಕರಗುತ್ತೆ. ಮೊದಲು ಯಾರಿಗೆ ಕಾಣಬೇಕು ಅನ್ನೋದು ಗೊತ್ತಿದ್ದವನಿಗೆ ಸ್ವಲ್ಪ ಕಾಲಾವಕಾಶ ಸಿಗುತ್ತೆ.

ನಿನ್ನೆ ರಾತ್ರಿ ಗೆಳೆಯನಿಗೆ ವಾಪಸ್ ಫೋನ್ ಮಾಡಿ ಕೇಳಿದೆ, "ನಿಮ್ಮ ಬೀದೀಲಿ ಚೀಟಿ ನಡೆಸೋ ಆಂಟಿ ಫೋನಲ್ಲಿ ನಿನ್ನ ಆ್ಯಪ್ ಇದೆಯೇನೋ?" ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇಲ್ಲ ಕಣೋ, ಅವರು ಇನ್ನೂ ನೋಟ್‌ಬುಕ್ಕಲ್ಲೇ ಬರೀತಾರೆ" ಅಂದ.

ಮದುವೆ ದುಡ್ಡು ಸದ್ಯಕ್ಕೆ ಬ್ಯಾಂಕಲ್ಲೇ ಇದೆ. ಭಾನುವಾರ ಅವನು ಆಂಟಿ ಮನೆಗೆ ಹೋಗ್ತಿದ್ದಾನೆ.