ಕದ್ದುಮುಚ್ಚಿ ಹುಟ್ಟಿದ ಕೇಸ್‌ಶೀಟು

ಅಮೆರಿಕದ ಸರ್ಕಾರ ತನ್ನ ಮಾಜಿ ಸೈನಿಕರಿಗೆಂದು ನಡೆಸುವ ಆಸ್ಪತ್ರೆಗಳ ಸಂಖ್ಯೆ ನೂರೈವತ್ತಕ್ಕೂ ಹೆಚ್ಚು. ಒಂದು ಕಾಲಕ್ಕೆ ಅವುಗಳ ಕೆಟ್ಟ ಹೆಸರೂ ಅಷ್ಟೇ ದೊಡ್ಡದಿತ್ತು. ಅಂಥ ಕಡೆಯೇ, ಎಷ್ಟೋ ಸಿರಿವಂತ ಖಾಸಗಿ ಆಸ್ಪತ್ರೆಗಳಿಗಿಂತ ಮೊದಲು, ರೋಗಿಯ ಕೇಸ್‌ಶೀಟು ಕಾಗದ ಬಿಟ್ಟು ಕಂಪ್ಯೂಟರಿಗೆ ಏರಿತು. ಏರಿಸಿದವರಿಗೆ ಸಿಕ್ಕ ಬಹುಮಾನ ಮಾತ್ರ ವಿಚಿತ್ರ. ಕೆಲವರು ಕೆಲಸ ಕಳೆದುಕೊಂಡರು, ಕೆಲವರ ಯಂತ್ರಗಳನ್ನು ಮೇಲಿನವರೇ ಕಿತ್ತುಕೊಂಡರು.

1977ರಲ್ಲಿ ಟೆಡ್ ಓನೀಲ್ ಮತ್ತು ಮಾರ್ಟಿ ಜಾನ್ಸನ್ ಎಂಬಿಬ್ಬರು ಈ ಆಸ್ಪತ್ರೆಗಳನ್ನು ನಡೆಸುವ ಇಲಾಖೆ ಸೇರಿದರು. ಆಗ ಇಲಾಖೆಯಲ್ಲಿ ಕಂಪ್ಯೂಟರ್ ಎಂದರೆ ಕೇಂದ್ರ ಕಚೇರಿಯ ಹಿಡಿತದಲ್ಲಿದ್ದ ದೈತ್ಯ ಮೇನ್‌ಫ್ರೇಮ್. ಆಸ್ಪತ್ರೆಗೆ ಏನು ಬೇಕಿದ್ದರೂ ಅಲ್ಲಿಗೇ ಹೋಗಿ ಕೈಚಾಚಬೇಕು. ಇವರ ಹಟ ಬೇರೆಯದು. ಯಂತ್ರ ಚಿಕ್ಕದಿರಲಿ, ಆಸ್ಪತ್ರೆಯೊಳಗೇ ಇರಲಿ, ಪ್ರೋಗ್ರಾಮ್ ಬರೆಯುವವನು ವೈದ್ಯ, ನರ್ಸ್, ಫಾರ್ಮಸಿಸ್ಟರ ಪಕ್ಕದಲ್ಲೇ ಕೂತು ಬರೆಯಲಿ ಎಂಬುದು. ಊರೂರಿನ ಆಸ್ಪತ್ರೆಗಳಲ್ಲಿ ಇದೇ ಹುಚ್ಚು ಹತ್ತಿದವರನ್ನು ಹುಡುಕಿ ಸೇರಿಸಿಕೊಂಡರು. 1978ರ ಡಿಸೆಂಬರಿನಲ್ಲಿ ಓಕ್ಲಹೋಮಾ ಸಿಟಿಯಲ್ಲಿ ಅವರೆಲ್ಲ ಕಲೆತು, ಏನೇನು ಬರೆಯಬೇಕು, ಹೇಗೆ ಹಂಚಿಕೊಳ್ಳಬೇಕು ಎಂದು ಮಾತಾಡಿಕೊಂಡರು. ಬಳಸಿದ ಭಾಷೆ ಮಂಪ್ಸ್. 1960ರ ದಶಕದಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಆಸ್ಪತ್ರೆಯ ಕೆಲಸಕ್ಕೆಂದೇ ಹುಟ್ಟಿದ ಭಾಷೆ ಅದು. ಅದರ ಮೇಲೆ ಜಾರ್ಜ್ ಟಿಮ್ಸನ್ ‘ಫೈಲ್‌ಮ್ಯಾನ್’ ಬರೆದರು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಸಿಬ್ಬಂದಿಯೂ ತಮ್ಮ ವಿಭಾಗಕ್ಕೆ ಯಾವ ಯಾವ ಮಾಹಿತಿಯ ಅಂಕಣ ಬೇಕೋ ತಾವೇ ಹಾಕಿಕೊಳ್ಳುವಂತಾಯಿತು.

ಕೇಂದ್ರ ಕಚೇರಿಗೆ ಇದು ಸಹನೆಯಾಗಲಿಲ್ಲ. ಕಂಪ್ಯೂಟರ್ ನಮ್ಮ ಖಾತೆ, ಆಸ್ಪತ್ರೆಯವರಿಗೇನು ಕೆಲಸ ಎಂಬ ಧಾಟಿಯಲ್ಲಿ ಯೋಜನೆ ನಿಲ್ಲಿಸಲು ಹೊರಟಿತು. ಬರೆಯುವವರು ನಿಲ್ಲಿಸಲಿಲ್ಲ. ಒಂದು ಆಸ್ಪತ್ರೆಯಲ್ಲಿ ಬರೆದ ಪ್ರೋಗ್ರಾಮ್ ಸದ್ದಿಲ್ಲದೆ ಇನ್ನೊಂದನ್ನು ತಲುಪುತ್ತಿತ್ತು. ಗುಲಾಮರನ್ನು ಕದ್ದುಮುಚ್ಚಿ ದಾಟಿಸುತ್ತಿದ್ದ ಹತ್ತೊಂಬತ್ತನೇ ಶತಮಾನದ ಜಾಲದ ಹೆಸರನ್ನೇ ಇವರು ತಮ್ಮ ಗುಂಪಿಗೂ ಇಟ್ಟುಕೊಂಡರು: ‘ಅಂಡರ್‌ಗ್ರೌಂಡ್ ರೈಲ್‌ರೋಡ್’. ಹೋಲಿಕೆ ತುಸು ಅತಿಯಾಯಿತು ಎನ್ನಬಹುದು. ಆದರೆ ನೌಕರಿ ಪಣಕ್ಕಿಟ್ಟು ಸರ್ಕಾರದ್ದೇ ಕೆಲಸ ಮಾಡುವವರಿಗೆ ಅಷ್ಟು ಸಲಿಗೆ ಕೊಡಬೇಕು. ಕೊನೆಗೆ 1982ರ ಫೆಬ್ರವರಿಯಲ್ಲಿ ಇಲಾಖೆಯ ಮುಖ್ಯಸ್ಥ ರಾಬರ್ಟ್ ನಿಮ್ಮೊ ಇದನ್ನು ಅಧಿಕೃತಗೊಳಿಸುವ ಆದೇಶಕ್ಕೆ ಸಹಿ ಹಾಕಿದರು. 1990ರ ದಶಕದಲ್ಲಿ ಕೆನೆತ್ ಕೈಜರ್ ಈ ಆಸ್ಪತ್ರೆಗಳ ಆಡಳಿತ ವಹಿಸಿಕೊಂಡಾಗ ಅದಕ್ಕೆ ‘ವಿಸ್ಟಾ’ ಎಂಬ ಹೊಸ ಹೆಸರು ಬಂತು, ವೈದ್ಯರ ಮೇಜಿಗೆ ಹೊಸ ಪರದೆಯೂ ಬಂತು. ರೋಗಿಯ ಹೆಸರು ಒತ್ತಿದರೆ ಯಾವ ಔಷಧಿ ಒಗ್ಗುವುದಿಲ್ಲ, ಈಗ ಏನು ನುಂಗುತ್ತಿದ್ದಾರೆ, ಇತ್ತೀಚಿನ ರಕ್ತಪರೀಕ್ಷೆ ಏನು ಹೇಳಿತು, ಯಾವ ಲಸಿಕೆ ಬಾಕಿ ಇದೆ, ಎಲ್ಲ ಒಂದೇ ಪುಟದಲ್ಲಿ.

ಇದರಲ್ಲಿ ಮೆಚ್ಚಬೇಕಾದ ಒಂದು ಸಂಗತಿ ಹುಟ್ಟಿದ್ದು ಬಾಡಿಗೆ ಕಾರಿನಿಂದ. ಕಾನ್ಸಾಸ್ ರಾಜ್ಯದ ಟೊಪೀಕಾದ ಆಸ್ಪತ್ರೆಯಲ್ಲಿ ಸ್ಯೂ ಕಿನಿಕ್ ಎಂಬ ನರ್ಸ್ ಇದ್ದರು. 1990ರ ದಶಕದ ಆರಂಭದಲ್ಲಿ ಒಮ್ಮೆ ಅವರು ಬಾಡಿಗೆ ಕಾರು ಹಿಂತಿರುಗಿಸುವಾಗ ಅಲ್ಲಿಯವರು ಕೈಯಲ್ಲಿದ್ದ ಪುಟ್ಟ ಯಂತ್ರದಿಂದ ಬಾರ್‌ಕೋಡ್ ಓದಿ ಕ್ಷಣದಲ್ಲಿ ಲೆಕ್ಕ ಮುಗಿಸಿದರು. ಕಾರಿಗೆ ಆಗುವುದು ಮಾತ್ರೆಗೆ ಏಕಾಗದು ಎಂದು ಅವರಿಗೆ ಹೊಳೆಯಿತು. ರೋಗಿಯ ಕೈಪಟ್ಟಿಗೊಂದು ಬಾರ್‌ಕೋಡ್, ಮಾತ್ರೆಯ ಪೊಟ್ಟಣಕ್ಕೊಂದು. ನರ್ಸ್ ಎರಡನ್ನೂ ಸ್ಕ್ಯಾನ್ ಮಾಡಿದಾಗ ಔಷಧಿ ಬೇರೆ, ಪ್ರಮಾಣ ಬೇರೆ ಅಥವಾ ವೇಳೆ ಬೇರೆ ಆಗಿದ್ದರೆ ಪರದೆ ತಡೆಯುತ್ತದೆ. ಟೊಪೀಕಾದಲ್ಲಿ ಪಳಗಿದ ಈ ಪದ್ಧತಿ 2000ದ ಹೊತ್ತಿಗೆ ಇಲಾಖೆಯ ಆಸ್ಪತ್ರೆಗಳಿಗೆಲ್ಲ ಹರಡಿತು.

ಯಂತ್ರ ಬಂದ ಮಾತ್ರಕ್ಕೆ ಮನುಷ್ಯರು ಬದಲಾಗುತ್ತಾರೆಯೆ? ಅಮೆರಿಕದ ಐದು ಆಸ್ಪತ್ರೆಗಳಲ್ಲಿ ಬಾರ್‌ಕೋಡ್ ಬಳಕೆಯನ್ನು ಗಮನಿಸಿದ ಸಂಶೋಧಕರು 2008ರಲ್ಲಿ ನರ್ಸ್‌ಗಳ 15 ಬಗೆಯ ಒಳದಾರಿಗಳನ್ನು ಪಟ್ಟಿ ಮಾಡಿದರು. ರೋಗಿಯ ಬಾರ್‌ಕೋಡಿನ ಪ್ರತಿಯನ್ನು ಕಂಪ್ಯೂಟರ್ ಗಾಡಿಗೋ ಬಾಗಿಲ ಚೌಕಟ್ಟಿಗೋ ಅಂಟಿಸಿಕೊಂಡು ಅಲ್ಲೇ ಸ್ಕ್ಯಾನ್ ಮುಗಿಸುವುದು ಅದರಲ್ಲೊಂದು. ಸೋಮಾರಿತನವೆಂದು ಬೈಯುವ ಮೊದಲು ಕಾರಣಗಳ ಪಟ್ಟಿಯನ್ನೂ ಓದಬೇಕು. ಅದರಲ್ಲಿ 31 ಕಾರಣಗಳಿದ್ದವು. ಓದಲಾಗದ ಬಾರ್‌ಕೋಡು, ಕೈಕೊಡುವ ಬ್ಯಾಟರಿ, ಸಿಗದ ನೆಟ್‌ವರ್ಕ್ ಎಲ್ಲವೂ ಅಲ್ಲಿವೆ.

ಕಂಪ್ಯೂಟರ್ ಕೇಸ್‌ಶೀಟಿನ ಬೆಲೆ ಅದಕ್ಕೂ ಮೊದಲೇ ಒಂದು ವಿಪತ್ತಿನಲ್ಲಿ ಗೊತ್ತಾಗಿತ್ತು. 2005ರ ಆಗಸ್ಟ್ ಕೊನೆಗೆ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಊರಿನ ಆಸ್ಪತ್ರೆ, ಕ್ಲಿನಿಕ್ಕುಗಳ ಕಾಗದದ ಕಡತಗಳು ರಾಶಿರಾಶಿಯಾಗಿ ನೀರುಪಾಲಾದವು. ಮಾಜಿ ಸೈನಿಕರ ಆಸ್ಪತ್ರೆಯೂ ಮುಚ್ಚಿತು. ಆದರೆ ಅದರ ಕಂಪ್ಯೂಟರ್ ದಾಖಲೆಯ ಟೇಪುಗಳು ಹ್ಯೂಸ್ಟನ್ ಸೇರಿದ್ದವು. ಊರು ಬಿಟ್ಟು ಚದುರಿದ ರೋಗಿಗಳು ಬೇರೆ ರಾಜ್ಯದ ಆಸ್ಪತ್ರೆಗೆ ಹೋದಾಗ, ಕೆಲವೇ ದಿನಗಳಲ್ಲಿ, ಅಲ್ಲಿನ ವೈದ್ಯರಿಗೆ ಅವರ ಔಷಧಿಯ ಪಟ್ಟಿ ಸಿಗುತ್ತಿತ್ತು. ಮರುವರ್ಷ ವಿಸ್ಟಾಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯ ನೀಡುವ ಸರ್ಕಾರಿ ನಾವೀನ್ಯದ ಪ್ರಶಸ್ತಿ ಬಂತು.

ವಿಸ್ಟಾದಲ್ಲಿ ದೋಷವಿರಲಿಲ್ಲವೆಂದಲ್ಲ. ಆಸ್ಪತ್ರೆಗೊಂದು ಬಗೆಯಾಗಿ ಬೆಳೆದದ್ದರಿಂದ ಒಂದೇ ತಿದ್ದುಪಡಿಯನ್ನು ಎಲ್ಲ ಕಡೆ ಹಾಕುವುದೇ ದೊಡ್ಡ ಪಾಡು. ಮಂಪ್ಸ್ ಬಲ್ಲವರಿಗೆ ವಯಸ್ಸಾಗುತ್ತಿತ್ತು. ಸೈನ್ಯದ ದಾಖಲೆಗೂ ಇದಕ್ಕೂ ಸರಿಯಾಗಿ ಹೊಂದುತ್ತಿರಲಿಲ್ಲ. 2018ರಲ್ಲಿ ಇಲಾಖೆ 10 ವರ್ಷಕ್ಕೆ 1,000 ಕೋಟಿ ಡಾಲರಿನ ಕರಾರು ಮಾಡಿಕೊಂಡು ಸರ್ನರ್ ಕಂಪನಿಯ ಸಿದ್ಧ ವ್ಯವಸ್ಥೆಯನ್ನು ಆರಿಸಿತು.

ಅದು ಮೊದಲು ಬಂದದ್ದು 2020ರ ಅಕ್ಟೋಬರಿನಲ್ಲಿ, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ. ವೈದ್ಯರು ಪರೀಕ್ಷೆಗೋ ತಜ್ಞರ ಭೇಟಿಗೋ ಆದೇಶ ಬರೆಯುತ್ತಿದ್ದರು. ಅದು ಯಾವ ವಿಭಾಗಕ್ಕೆ ಹೋಗಬೇಕೆಂದು ಗಣಕಕ್ಕೆ ತಿಳಿಯದಿದ್ದರೆ ಆದೇಶ ‘ಅಪರಿಚಿತ ಸರದಿ’ಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು, ಬರೆದವರಿಗೆ ಸುಳಿವೇ ಇರುತ್ತಿರಲಿಲ್ಲ. ಹೀಗೆ 11,000ಕ್ಕೂ ಹೆಚ್ಚು ಆದೇಶಗಳು ದಾರಿ ತಪ್ಪಿದವು, ರೋಗಿಗಳಿಗೆ ಹಾನಿಯಾದ 149 ಪ್ರಕರಣಗಳು ಗುರುತಾದವು ಎಂದು ಇಲಾಖೆಯದೇ ತನಿಖಾ ವಿಭಾಗ 2022ರಲ್ಲಿ ವರದಿ ಕೊಟ್ಟಿತು. ವಾರ್ಡಿನಲ್ಲಿ ಕೂತು ಬರೆದವರಿದ್ದಿದ್ದರೆ ಈ ಸರದಿಯನ್ನು ಮೊದಲ ವಾರದಲ್ಲೇ ಯಾರಾದರೂ ಕಂಡುಹಿಡಿಯುತ್ತಿದ್ದರೇನೋ.

2023ರ ಏಪ್ರಿಲ್‌ನಲ್ಲಿ ಇಲಾಖೆ ವಿಸ್ತರಣೆಯನ್ನು ತಡೆಹಿಡಿಯಿತು. ಅಷ್ಟರಲ್ಲಿ ಹೊಸ ವ್ಯವಸ್ಥೆ ಐದು ಆಸ್ಪತ್ರೆಗಳನ್ನು ಮುಟ್ಟಿತ್ತು. ಮಿಕ್ಕೆಲ್ಲ ಕಡೆ ವಿಸ್ಟಾವೇ ನಡೆದುಕೊಂಡು ಹೋಗುತ್ತಿತ್ತು.