ಖರ್ಚಾದ ಸುಳ್ಳು, ಖರ್ಚಾಗದ ನಿಜ

ಜಾಹೀರಾತು ಲೋಕದ ಎಡವಟ್ಟುಗಳ ಪಟ್ಟಿ ಮಾಡುವವರು ಸಾಮಾನ್ಯವಾಗಿ 1985ರ ‘ನ್ಯೂ ಕೋಕ್’ನಿಂದ ಶುರುಮಾಡುತ್ತಾರೆ. ರುಚಿ ಬದಲಿಸಿದ ಕೋಕಾಕೋಲಾ, ಗಿರಾಕಿಗಳ ಸಿಟ್ಟಿಗೆ ಬೆಚ್ಚಿ ಮೂರು ತಿಂಗಳೊಳಗೆ ಹಳೆಯದನ್ನೇ ವಾಪಸು ತಂದಿತು. ಅಂಥ ಪಟ್ಟಿಗಳಲ್ಲಿ ‘ರೇಡಿಥಾರ್’ ಸಿಗುವುದು ಅಪರೂಪ. 1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಿಂದ ಬರುತ್ತಿದ್ದ ಆ ಪುಟ್ಟ ಬಾಟಲಿಗಳಲ್ಲಿದ್ದದ್ದು ರೇಡಿಯಂ ಬೆರೆಸಿದ ನೀರು. ಹುರುಪಿನ ಟಾನಿಕ್ ಎಂದು ಮಾರಿದರು. ಎಬೆನ್ ಬೈಯರ್ಸ್ ಎಂಬ ಉದ್ಯಮಿ ಅದನ್ನು ವರ್ಷಗಟ್ಟಲೆ ಕುಡಿದು, ದವಡೆ ಕೊಳೆತು, 1932ರಲ್ಲಿ ಸತ್ತ. 1946ರಲ್ಲಿ ಶುರುವಾದ ‘ಕ್ಯಾಮೆಲ್’ ಸಿಗರೇಟಿನ ಪ್ರಚಾರದಲ್ಲಂತೂ ಬಿಳಿ ಕೋಟಿನ ಡಾಕ್ಟರರೇ ಹೊಗೆ ಬಿಟ್ಟರು. ಇವನ್ನು ಆಗಿನ ವ್ಯಾಪಾರಿಗಳು ತಪ್ಪೆಂದು ಎಣಿಸಲಿಲ್ಲ, ಮಾಲು ಖರ್ಚಾಗುತ್ತಿತ್ತಲ್ಲ! ಖರ್ಚಾಗದಿದ್ದರೆ ಮಾತ್ರ ತಪ್ಪು. ನಮ್ಮಲ್ಲಿಯೂ ನಡೆದದ್ದು ಇದೇ ಲೆಕ್ಕ.

1888ರಲ್ಲಿ ಸನ್‌ಲೈಟ್ ಸಾಬೂನು ಕಲ್ಕತ್ತಾ ಬಂದರಿನಲ್ಲಿಳಿಯಿತು. ಆಮೇಲೆ ಕ್ಯಾಲೆಂಡರು, ಎನಾಮಲ್ ಬೋರ್ಡುಗಳ ಕಾಲ. 1937ರಲ್ಲಿ ಬಂದ ಡಾಲ್ಡಾ ವನಸ್ಪತಿಗೆ ಬೇರೆಯದೇ ಸವಾಲಿತ್ತು: ತುಪ್ಪವಲ್ಲದ್ದನ್ನು ತುಪ್ಪ ತಿನ್ನುವ ಜನ ಒಪ್ಪಬೇಕು. ಡಬ್ಬಿಯ ಆಕಾರದ ವ್ಯಾನುಗಳು ಊರೂರು ತಿರುಗಿದವು. ಬೀದಿಯಲ್ಲೇ ತಿಂಡಿ ಕರಿದು, ಮೂಸಿ ನೋಡಿ, ತಿಂದು ನೋಡಿ ಎಂದರು. ಅಷ್ಟು ಅಚ್ಚುಕಟ್ಟಾದ ಪ್ರಚಾರ ಅಲ್ಲಿಯವರೆಗೆ ಈ ದೇಶ ಕಂಡಿರಲಿಲ್ಲವೇನೋ. ವನಸ್ಪತಿಯ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕೆಂಬುದು ಗೊತ್ತಾದದ್ದು ಬಹಳ ತಡವಾಗಿ, ಅದನ್ನು ಶೇ. 2ಕ್ಕೆ ಮಿತಿಗೊಳಿಸಿದ್ದು 2022ರಲ್ಲಿ. ಅಷ್ಟರಲ್ಲಿ ಖಾಲಿ ಡಬ್ಬಿಗಳು ತಲೆಮಾರುಗಳ ಕಾಲ ಅಡುಗೆಮನೆಯಲ್ಲಿ ಬೇಳೆ ತುಂಬಿಕೊಂಡು ಕೂತಿದ್ದವು, ಹೆಸರು ಸಮೇತ.

ಮೈಸೂರು ಸಂಸ್ಥಾನ ಹಿಡಿದದ್ದು ಬೇರೆ ದಾರಿ. ಮೊದಲ ಮಹಾಯುದ್ಧದಿಂದ ಗಂಧದ ರಫ್ತು ನಿಂತಾಗ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಸಾಬೂನು ಅದರ ಬೆನ್ನಿಗೆ ಬಂತು. ರಸಾಯನಶಾಸ್ತ್ರಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ಬಿಲ್ಲೆಯನ್ನು ಮೊಟ್ಟೆಯಾಕಾರಕ್ಕೆ ತಂದರು, ಒಡವೆಪೆಟ್ಟಿಗೆಯಂಥ ರಟ್ಟಿನ ಡಬ್ಬಿಯಲ್ಲಿಟ್ಟರು, ಮೇಲೆ ಆನೆಮುಖ ಸಿಂಹದೇಹದ ಶರಭನನ್ನು ಕೂರಿಸಿದರು. ಕರಾಚಿಯಲ್ಲಿ ಪ್ರಚಾರಕ್ಕೆಂದು ಒಂಟೆಗಳ ಮೆರವಣಿಗೆ ಮಾಡಿಸಿದ ಕಥೆ ಈಗಲೂ ಚಾಲ್ತಿಯಲ್ಲಿದೆ. ಡಬ್ಬಿಯೇ ಜಾಹೀರಾತಾಗಿದ್ದ ಈ ಸಾಬೂನಿಗೆ ಮೊದಲ ರಾಯಭಾರಿ, ಕ್ರಿಕೆಟಿಗ ಧೋನಿ, ಸಿಕ್ಕಿದ್ದು 2006ರಲ್ಲಿ.

ಇನ್ನು ಖರ್ಚಾಗದ ನಿಜಗಳು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಕೈಗಡಿಯಾರ ಶುರುಮಾಡಿತು. ಕ್ವಾರ್ಟ್ಜ್ ಗಡಿಯಾರವನ್ನೂ ಟೈಟಾನ್‌ಗಿಂತ ಮೊದಲೇ ತಂದಿತು. ಬೆಲೆ ಜಾಸ್ತಿಯೆಂದು ಜನ ಹಿಂಜರಿದಾಗ, ಕೀ ಕೊಡುವ ಗಡಿಯಾರವೇ ನಮ್ಮ ಜನಕ್ಕೆ ಸಾಕು ಎಂದುಕೊಂಡಿತು. 1987ರಲ್ಲಿ ಟೈಟಾನ್ ಅದೇ ಕ್ವಾರ್ಟ್ಜನ್ನು ಮೋಟ್ಸಾರ್ಟ್ ಸಂಗೀತದ ಜೊತೆ, ಉಡುಗೊರೆಯೆಂದು ಮಾರಿತು. 1994ರಲ್ಲಿ ಬಂದ ಕೆಲಾಗ್ಸ್ ತನ್ನ ಕಾರ್ನ್‌ಫ್ಲೇಕ್ಸ್ ಗರಿಗರಿ ಎಂದದ್ದು ಸುಳ್ಳಲ್ಲ. ಬಿಸಿ ಹಾಲು ಸುರಿಯುವ ಮನೆಗಳಲ್ಲಿ ಅದು ಮುದ್ದೆಯಾಯಿತು. ಜಗತ್ತಿನಲ್ಲೇ ಅಗ್ಗದ ಕಾರು ಎಂಬ ಟಾಟಾ ನ್ಯಾನೊದ ಬಿರುದೂ ನಿಜವೇ ಆಗಿತ್ತು. ಆದರೆ ಕಾರು ಕೊಳ್ಳುವುದು ನೆರೆಹೊರೆಯವರ ಕಣ್ಣಿಗೂ ಬೀಳಲೆಂದು. ‘ಅಗ್ಗದ್ದು’ ಎಂಬ ಹಣೆಪಟ್ಟಿ ಯಾರಿಗೆ ಬೇಕು? ಹಾಗೆ ಬಿಂಬಿಸಿದ್ದು ತಪ್ಪಾಯಿತೆಂದು ರತನ್ ಟಾಟಾ ಅವರೇ ಆಮೇಲೆ ಹೇಳಿದರು.

ಅತ್ತ 1975ರಲ್ಲಿ ಬಂದ ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮು ಕಪ್ಪು ಬಣ್ಣದ ಹುಡುಗಿಗೆ ಕೆಲಸ, ಗಂಡ ಎರಡೂ ಸಿಗದೆಂಬ ಭಯವನ್ನೇ ಬಂಡವಾಳ ಮಾಡಿಕೊಂಡಿತು. ‘ಫೇರ್’ ಪದ ಬಿಟ್ಟದ್ದು 2020ರಲ್ಲಿ. ನಲವತ್ತೈದು ವರ್ಷ ಓಡಿದ ಇದು ವ್ಯಾಪಾರದ ಪುಸ್ತಕಗಳಲ್ಲಿ ಯಶಸ್ಸಿನ ಕಥೆ!

ಹಳೆಯ ಎನಾಮಲ್ ಬೋರ್ಡುಗಳು ಈಗ ಕೆಫೆಗಳ ಗೋಡೆಗೇರಿವೆ. 2016ರಲ್ಲಿ ಬಾಗಿಲು ಹಾಕಿದ ಎಚ್‌ಎಂಟಿ ವಾಚಸ್ಸಿನ ‘ಜನತಾ’, ‘ಪೈಲಟ್’ಗಳಿಗೆ ಸಂಗ್ರಹಕಾರರು ಬೆನ್ನು ಬಿದ್ದಿದ್ದಾರೆ. ಡಯಲ್ಲಿಗೆ ಹೊಸ ಬಣ್ಣ ಬಳಿದು ‘ಅಸಲಿ ವಿಂಟೇಜ್’ ಎಂದು ಮಾರುವವರೂ ಕಡಿಮೆಯಿಲ್ಲ. ಹಳತೆಂಬುದೂ ಈಗ ಒಂದು ಜಾಹೀರಾತು.

ಸುಳ್ಳು ಜಾಹೀರಾತು ತಡೆಯಲು ಕಾನೂನು ಇರಲಿಲ್ಲವೆಂದಲ್ಲ. ಪವಾಡ ಔಷಧಿಗಳ ಪ್ರಚಾರ ತಡೆಯುವ ಕಾಯ್ದೆ 1954ರದ್ದು. ಉದ್ಯಮದವರೇ ಕಟ್ಟಿಕೊಂಡ ಜಾಹೀರಾತು ಮಾನದಂಡ ಮಂಡಳಿ 1985ರದ್ದು. ಎರಡಕ್ಕೂ ಹೆದರಿದವರು ಕಡಿಮೆ. 2024ರ ಏಪ್ರಿಲ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಪ್ರಕರಣದಲ್ಲಿ ಪತಂಜಲಿ ಕಂಪನಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಿತು. ನಿಮ್ಮ ಜಾಹೀರಾತುಗಳೂ ಇದೇ ಅಳತೆಯಲ್ಲಿರುತ್ತಿದ್ದವೇ ಎಂದು ಸುಪ್ರೀಂ ಕೋರ್ಟ್ ಕೇಳಿತು. ಮರುದಿನದ ಕ್ಷಮಾಪಣೆ ಇನ್ನಷ್ಟು ದೊಡ್ಡದಿತ್ತು.